ಓಕ್ ಸಸಿಗೆ ಪಾತಿ ಮಾಡಿದ್ದು

ಹೀಥ್ರೂ

ನನ್ನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಸಂಡಿಗೆ, ತಂಗಿಗೆಂದು ಒಂದು ಇಳಕಲ್ ಸೀರೆ, ಆ ಸೀರೆಯ ಮಡಿಕೆಯೊಳಗೆ ಒಂದು ಕಳೆಗುದ್ದಲಿ ಇದ್ದವು. ಗೇಣುದ್ದದ ಹಿಡಿ, ಅಂಗೈಯಗಲದ ಅಲಗು. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದಕ್ಕೆ ಕಡೂರಿನ ಕುಲುಮೆಯಲ್ಲಿ ತಟ್ಟಿಸಿದ್ದು. ತಂಗಿ ಶಾರದೆ ಫೋನ್ ಮಾಡಿದಾಗಲೆಲ್ಲ, "ಇಲ್ಲಿ ಹಿತ್ತಿಲ ತುಂಬ ಕಳೆ ಕಣೇ ಅಕ್ಕ. ಇವರ ಸಲಕರಣೆಗಳೆಲ್ಲ ಉದ್ದುದ್ದ, ನಿಂತುಕೊಂಡೇ ಮಾಡ್ಬೇಕು, ಬೇರು ಮಾತ್ರ ಬರೋದೇ ಇಲ್ಲ" ಎನ್ನುತ್ತಿದ್ದಳು. ಲಂಡನ್ನಿಗೆ ಹೋಗುವವಳು ತಂಗಿಗೆ ಇಷ್ಟಾದರೂ ಮಾಡಬೇಡವೇ?

ಕಸ್ಟಮ್ಸಿನ ಮೇಜಿನ ಹಿಂದಿದ್ದ ದಪ್ಪ ಮೀಸೆಯವರು ಸೀರೆ ಬಿಡಿಸಿದರು. ಗುದ್ದಲಿ ಹೊರಗೆ ಬಂತು. ಅದನ್ನು ಎತ್ತಿ ಹಿಡಿದು ಏನಿದು ಎಂದು ಕೇಳಿದರು. ಮೂವತ್ತು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇಂಗ್ಲಿಷು ತಕ್ಕಮಟ್ಟಿಗೆ ಓದಬಲ್ಲೆ, ಬೇಕಾದ ಹೊತ್ತಿಗೆ ನಾಲಿಗೆಗೆ ಬರುವುದಿಲ್ಲ. ಬೇರೆ ದಾರಿ ಕಾಣದೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೀಥ್ರೂವಿನ ಹೊಳೆಯುವ ನೆಲದಲ್ಲಿ ಇಲ್ಲದ ಕಳೆಯನ್ನು ಕಿತ್ತು ತೋರಿಸಿದೆ. ಹಿಂದಿನ ಸಾಲಿನವರೆಲ್ಲ ನಿಂತು ನೋಡಿದರು.

ಅವರು ನಕ್ಕು, ತಮ್ಮ ಮುಂಗೈ ಮುಂದೆ ಚಾಚಿದರು. ತುಂಬ ಗುಲಾಬಿ ಮುಳ್ಳಿನ ಗೀರು. ಮನೆಯಲ್ಲಿ ತೋಟ ಇದೆಯಂತೆ. ಆಮೇಲೆ ಅಲಗನ್ನು ಕಾಗದದಿಂದ ಒರೆಸಿ, ಮಣ್ಣು ಅಂಟಿದೆಯೇ ಎಂದು ನೋಡಿದರು. ಹಿಂದಿನ ವರ್ಷವಷ್ಟೇ ಆ ದೇಶದ ದನಗಳಿಗೆ ಕಾಲುಬಾಯಿ ಜ್ವರ ಬಂದು ಊರೂರೇ ಬಾಧೆಪಟ್ಟಿತ್ತಂತೆ, ಮಣ್ಣೆಂದರೆ ಭಯ. ಹುಣಸೆಹಣ್ಣು ಹಾಕಿ ತಿಕ್ಕಿದ್ದೆನಾದ್ದರಿಂದ ಅಲಗು ಫಳಫಳ ಎನ್ನುತ್ತಿತ್ತು. ಅವರೇ ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಟ್ಟರು. ಮಡಿಕೆಯೆಲ್ಲ ತಪ್ಪಿತ್ತು, ಆದರೆ ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದರು. ಪರದೇಶದಲ್ಲಿ ಮೊದಲು ಎದುರಾದ ಮನುಷ್ಯರು ಇಂಥವರಾದದ್ದು ನನ್ನ ಪುಣ್ಯ ಎಂದುಕೊಂಡೆ.

ಕೆಂಟನ್

ಶಾರದೆಯಿರುವ, ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ ಮನೆಗಳು ಜೋಡಿ ಜೋಡಿ. ಎರಡು ಮನೆಗೆ ನಡುವೆ ಒಂದೇ ಗೋಡೆ. ಶಾರದೆಯ ಗೋಡೆಯಾಚೆ ಜೋನ್ ಎಂಬ ಮುದುಕಿ ಒಬ್ಬರೇ ಇದ್ದರು. ಎಂಬತ್ತರ ಹತ್ತಿರ ವಯಸ್ಸು, ತೆಳ್ಳಗೆ, ನೆಟ್ಟಗೆ, ಯಾವಾಗಲೂ ಒಂದೇ ಹಸಿರು ಕೋಟು. ಗೋಡೆಯ ಮೂಲಕ ನಮ್ಮ ಕುಕ್ಕರ್ ಕೂಗುವುದು ಅವರಿಗೆ ಕೇಳುತ್ತಿತ್ತು. ಒಂದು ದಿನ ಬೇಲಿಯ ಹತ್ತಿರ ಬಂದು, "ಈವತ್ತು ಮೂರಕ್ಕೆ ನಿಲ್ಲಲಿಲ್ಲ, ಕಡಲೆಕಾಳೇ?" ಎಂದು ಕೇಳಿದರು. ನಾನು ದಂಗಾದೆ. (ಅವರು ಆಡಿದ್ದೆಲ್ಲ ಇಂಗ್ಲಿಷು. ನನಗೆ ತಿಳಿದಷ್ಟು ತಿಳಿಯಿತು, ಉಳಿದದ್ದು ಶಾರದೆ ಹೇಳಿದ್ದು.)

ಶಾರದೆ ಇಲ್ಲಿಗೆ ಬಂದ ಹೊಸದರಲ್ಲಿ ಗಂಡ ಗುರುರಾಜ ಆಸ್ಪತ್ರೆಯಲ್ಲಿ ಹಗಲಿರುಳು ಡ್ಯೂಟಿ. ಅವರು ಧಾರವಾಡದವರು, ಅರಿವಳಿಕೆ ಕೊಡುವ ಡಾಕ್ಟರು. ಇವಳಿಗೆ ಒಂದು ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಮಗಳು ಅನು ಶಾಲೆ ಬಿಟ್ಟು ಬಂದರೆ ನೋಡಿಕೊಳ್ಳುವವರಿಲ್ಲ. ಆಗ ಜೋನ್ ತಾವಾಗಿ ಬಂದು, ಮಗು ನನ್ನ ಅಡುಗೆಮನೆಯಲ್ಲಿ ಕೂತು ಟೋಸ್ಟ್ ತಿನ್ನಲಿ ಎಂದರಂತೆ. ಆ ಟೋಸ್ಟು ವರ್ಷಗಟ್ಟಲೆ ನಡೆಯಿತು. ಅನು ಈಗ ನನಗಿಂತ ಉದ್ದ ಬೆಳೆದಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳದು ಇಂಗ್ಲಿಷಿನಲ್ಲಿ ಉತ್ತರ. ಆ ಇಂಗ್ಲಿಷಿನಲ್ಲಿ ಜೋನ್ ಅವರ ದನಿಯ ಏರಿಳಿತವೇ ಇದೆ ಎಂದು ಗುರುರಾಜ ನಗುತ್ತಾರೆ.

"ಆಕೀಗೆ ಏನ್ ಕೊಟ್ರೂ ತೀರಂಗಿಲ್ರೀ ಅಕ್ಕಾರ," ಎಂದರು ಒಂದು ಸಂಜೆ. "ಹಬ್ಬದಾಗ ಸ್ವೀಟ್ ಕೊಟ್ರ ಮರುದಿನ ಕೇಕ್ ಮಾಡಿ ತರ್ತಾಳ. ಬಾಕಿ ಹಂಗ ಉಳೀತದ."

ಈ ಜೋನ್‌ಗೆ ಬದುಕಿನಲ್ಲಿ ಉಳಿದಿದ್ದ ದೊಡ್ಡ ಹಂಬಲ ಒಂದೇ: ಪಕ್ಕದ ಹ್ಯಾರೋದ ಉತ್ತರಕ್ಕಿರುವ ದಿಬ್ಬದ ಮೇಲಿನ ಒಂದು ಬಯಲಿನಲ್ಲಿ ದನಗಳು ಉಳಿಯಬೇಕು. ಊರಿನವರೆಲ್ಲ ಓಡಾಡುವ ಬಯಲು. ಅಲ್ಲಿ ಬೆರಳೆಣಿಕೆಯ ದನಗಳನ್ನು ಎರಡು ಬೇಸಿಗೆಯಿಂದ ಮೇಯಲು ಬಿಟ್ಟಿದ್ದರು. ಜುಲೈ ಕೊನೆಯಲ್ಲಿ ಬಯಲಿನ ಮೇಲ್ವಿಚಾರಕರೂ ಅದನ್ನು ನೋಡಿಕೊಳ್ಳುವ ಸಮಿತಿಯವರೂ ಬಂದು ನೋಡಿ, ಮುಂದಿನ ವರ್ಷ ದನ ಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಬೇಡ ಎನ್ನುವವರೇ ಹೆಚ್ಚು. "ದನ ಹೋದರೆ ಓಕ್ ಮರದ ಮುಂದಿನ ತಲೆಮಾರು ಹೋಯಿತು," ಎನ್ನುತ್ತಿದ್ದರು ಜೋನ್. ನನಗೆ ಇದು ತಲೆಕೆಳಗಾಗಿ ಕೇಳಿಸಿತು. ದನ ಹೋದರೆ ಗಿಡ ಉಳಿಯುತ್ತದೆ ಎಂದಲ್ಲವೇ ಲೋಕದಲ್ಲಿ ಹೇಳುವುದು?

ದಿಬ್ಬದ ಮೇಲೆ

ನಾನು ಹೋದ ಮೊದಲ ವಾರವೇ ಜೋನ್ ತಮ್ಮ ಪುಟ್ಟ ಕಾರಿನಲ್ಲಿ ನಮ್ಮಿಬ್ಬರನ್ನು ಅಲ್ಲಿಗೆ ಕರೆದೊಯ್ದರು. ಕಣ್ಣಿಗೆ ಪೊರೆ ಬಂದಿತ್ತು, ಹಾಗಾಗಿ ಕಾರು ನಮ್ಮೂರಿನ ಎತ್ತಿನಗಾಡಿಯ ವೇಗದಲ್ಲಿ ಹೋಯಿತು. ಹಿಂದಿದ್ದ ಬಸ್ಸಿನವನು ಒಮ್ಮೆಯೂ ಹಾರ್ನ್ ಮಾಡಲಿಲ್ಲ! ನಮ್ಮಲ್ಲಾಗಿದ್ದರೆ ಅವನು ಕಿಟಕಿಯಿಂದ ತಲೆ ಹೊರಹಾಕಿ ಜೋನ್ ಅವರ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ.

ಗೇಟು ದಾಟಿದ ಕೂಡಲೇ ನಾನು ನಿಂತುಬಿಟ್ಟೆ. "ಶಾರೂ, ನಮ್ಮ ಕಾವಲು ಕಣೇ ಇದು!"

ಕಡೂರು, ಅಜ್ಜಂಪುರದ ಕಡೆಯವರಿಗೆ ಕಾವಲು ಎಂದರೆ ಗೊತ್ತು: ಅಮೃತಮಹಲ್ ದನಗಳು ಮೇಯುವ ಹುಲ್ಲುಬಯಲು, ಅಲ್ಲೊಂದು ಇಲ್ಲೊಂದು ಮರ, ನಡುವೆ ಮೆಳೆ. ಇಲ್ಲಿ ಹುಲ್ಲು ಕಣ್ಣು ಕುಕ್ಕುವಷ್ಟು ಹಸಿರು, ಗಾಳಿಯಲ್ಲಿ ಚಳಿ, ಅಷ್ಟೇ ವ್ಯತ್ಯಾಸ. ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಅದು ಕಾವಲೇ ಆಯಿತು. ದನಗಳೂ ಕೊಂಬಿನವೇ. ನಮ್ಮ ಅಮೃತಮಹಲಿನ ಕೊಂಬು ಆಕಾಶ ನೋಡುತ್ತದೆ. ಇವುಗಳದ್ದು ಉದ್ದಕ್ಕೆ ಬೆಳೆದು ಕೆನ್ನೆಯ ಪಕ್ಕಕ್ಕೆ ಇಳಿಬಿದ್ದು, ಹಳೆಯ ಕಾಲದ ಮಿಲಿಟರಿ ಮೀಸೆಯ ಹಾಗಿತ್ತು. ಸಾಧು ಪ್ರಾಣಿಗಳು. ಒಂದು ಬಂದು ನನ್ನ ಸೆರಗು ಮೂಸಿತು.

ಓಕ್ ಮರಗಳ ಕೆಳಗೆ ನಿಲ್ಲಿಸಿ ಜೋನ್ ಹೇಳಿದರು: "ಇವುಗಳ ಕೊಂಬೆ ನೋಡಿ, ಎಷ್ಟು ಅಗಲಕ್ಕೆ ತೋಳು ಚಾಚಿವೆ. ಪಕ್ಕದಲ್ಲಿ ಮರಗಳು ಒತ್ತಿಕೊಂಡಿದ್ದರೆ ಹೀಗೆ ಹರಡಲು ಜಾಗವೆಲ್ಲಿ? ಇವು ಸಣ್ಣವಾಗಿದ್ದಾಗ ಇಲ್ಲಿ ದನ ಮೇಯುತ್ತಿದ್ದವು, ಬಯಲಿತ್ತು, ಬೆಳಕಿತ್ತು. ನಾನು ಮದುವೆಯಾಗಿ ಈ ಕಡೆಗೆ ಬರುವ ಹೊತ್ತಿಗೆ ಮೇಯಿಸುವುದು ನಿಂತಿತ್ತು. ಬರ್ಚ್ ಮರ ಎದ್ದಿತು, ಹಾಲಿ ಎಂಬ ಮರವೂ ಎದ್ದಿತು. ಈಗ ಆ ಕಡೆ ನೋಡಿ."

ಆ ಕಡೆ, ದನ ಬಿಡದ ಭಾಗದಲ್ಲಿ, ತೆಳುಮರಗಳು ಬೆಂಗಳೂರಿನ ಸಿಟಿ ಬಸ್ಸಿನ ಜನರಂತೆ ನಿಂತಿದ್ದವು. ನಡುವೆ ಸಿಕ್ಕಿಕೊಂಡ ಒಂದು ಹಳೆಯ ಓಕ್, ಕೆಳಗಿನ ಕೊಂಬೆಗಳೆಲ್ಲ ಒಣಗಿ, ಉಸಿರು ಕಟ್ಟಿದವರ ಹಾಗೆ ಕಂಡಿತು. ಅದರ ಬುಡದಲ್ಲಿ ಕಳೆದ ವರ್ಷದ ಬೀಜಗಳು ಮೊಳೆತಿದ್ದವು, ಒಂದೊಂದಕ್ಕೆ ನಾಲ್ಕೈದು ಎಲೆ. "ಒಂದೆರಡು ವರ್ಷ ಇರುತ್ತವೆ, ಆಮೇಲೆ ನೆರಳಲ್ಲಿ ಸಾಯುತ್ತವೆ. ಓಕಿಗೆ ಬೆಳಕಿಲ್ಲದೆ ಆಗುವುದಿಲ್ಲ. ದನ ಮೇದರೆ ಬೆಳಕು ಉಳಿಯುತ್ತದೆ," ಎಂದರು ಜೋನ್.

"ದನ ಓಕ್ ಸಸೀನೂ ತಿನ್ನಲ್ವಾ? ಕೇಳೇ," ಎಂದೆ ಶಾರದೆಗೆ.

ಜೋನ್ ನಕ್ಕರು. "ತಿನ್ನುತ್ತವೆ, ಇಷ್ಟಪಟ್ಟು ತಿನ್ನುತ್ತವೆ. ಆದರೆ ಎಲ್ಲವನ್ನೂ ಅಲ್ಲ. ನನ್ನ ಮಕ್ಕಳು ಅಲ್ಲಿವೆ, ಬನ್ನಿ ತೋರಿಸುತ್ತೇನೆ." ಬಯಲಿನ ನಡುವೆ, ಇಳಿಜಾರಿನಲ್ಲಿ, ಬ್ರ್ಯಾಂಬಲ್ ಎಂಬ ಮುಳ್ಳುಬಳ್ಳಿಯ ಒಂದು ಪೊದೆ ಹರಡಿಕೊಂಡಿತ್ತು. ಅದರೊಳಗೆ ಕಣ್ಣಿಟ್ಟರೆ ಅಲ್ಲಲ್ಲಿ ಮೊಣಕಾಲೆತ್ತರದ ಓಕ್ ಸಸಿಗಳು. ಅಷ್ಟು ನೋಡುವುದರೊಳಗೆ ಎರಡು ಸಂಗತಿಯಾದವು. ಮಳೆ ಬಂತು. ಬ್ರಯನ್ ಎಂಬವರೂ ಬಂದರು.

ಬ್ರಯನ್ ಅಲ್ಲಿ ದಿನಾ ನಾಯಿ ಅಡ್ಡಾಡಿಸುವವರು, ದನ ಬೇಡ ಎನ್ನುವವರ ಮುಖಂಡರು. ಅವರ ಕಂದು ನಾಯಿ ಟಾಫಿ ಕೊಂಬು ಕಂಡರೆ ಅವರ ಕಾಲ ಸಂದಿಗೆ ಸೇರುತ್ತಿತ್ತು. "ಸಾರಿ ಜೋನ್," ಎಂದು ಶುರುಮಾಡಿ, ಓಕ್ ಕಾಯುವುದಕ್ಕೆ ದನ ಇಡುವುದೆಂದರೇನು ಎಂದು ಒಂದೇ ಸಮ ವಾದಿಸಿದರು. ಹಾಲು ಕಾಯುವುದಕ್ಕೆ ಬೆಕ್ಕು ಇಟ್ಟ ಹಾಗೆ ಎಂದು ನಾವು ಹೇಳುವುದಿಲ್ಲವೇ, ಅದೇ ಧಾಟಿ. ಜೋನ್ ಕೂಡ "ಸಾರಿ ಬ್ರಯನ್" ಎಂದೇ ತಿರುಗೇಟು ಕೊಟ್ಟರು. ಜಗಳದಲ್ಲಿ ಸಾಲು ಸಾಲಿಗೂ ಕ್ಷಮೆ ಕೇಳುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆ ಜೋರಾಯಿತು, ನಾವು ಕಾರಿಗೆ ಓಡಿದೆವು, ಮಾತು ಅಲ್ಲಿಗೇ ನಿಂತಿತು.

ಕಳೆ ಕಿತ್ತ ದಿನ

ಜೂನ್ ನಡುವಿನಲ್ಲಿ ಜೋನ್‌ಗೆ ಕಣ್ಣಿನ ಆಪರೇಷನ್ ಆಯಿತು. ಕೆಲವು ದಿನ ಬಗ್ಗಬಾರದು, ಧೂಳಿಗೆ ಹೋಗಬಾರದು. ಅವರ ಚಿಂತೆ ಕಣ್ಣಿನದಲ್ಲ. "ಶಾರಾ, ಒಂದು ಸಲ ಹೋಗಿ ನನ್ನ ಮಕ್ಕಳನ್ನು ನೋಡಿಕೊಂಡು ಬರುತ್ತೀಯಾ?" ಎಂದರು.

ನೋಡಿಕೊಂಡು ಬರುವುದು! ಕಳೆ ತುಂಬಿದ ಗಿಡವನ್ನು ಬರಿಗಣ್ಣಲ್ಲಿ ನೋಡಿಕೊಂಡು ಬರುವ ಹೆಂಗಸರೇ ನಾವು? ನಮ್ಮಮ್ಮ ಬದುಕಿದ್ದಷ್ಟು ಕಾಲ, ಯಾರ ಮನೆಗೆ ಊಟಕ್ಕೆ ಹೋದರೂ ಎಲೆ ಹಾಕುವವರೆಗೆ ಅವರ ಹಿತ್ತಿಲಲ್ಲಿ ಕಳೆ ಕೀಳುತ್ತಿದ್ದಳು. ಗಿಡವೆಂದರೆ ಬುಡ ಸ್ವಚ್ಛವಿರಬೇಕು, ಸುತ್ತ ಪಾತಿ ಇರಬೇಕು, ಪಾತಿಯಲ್ಲಿ ನೀರು ನಿಲ್ಲಬೇಕು. ಮಳೆ ಕಡಿಮೆಯ ಸೀಮೆಯವರಿಗೆ ಇದು ಸಂಧ್ಯಾವಂದನೆಯಿದ್ದ ಹಾಗೆ, ಯಾಕೆಂದು ಯಾರೂ ಕೇಳುವುದಿಲ್ಲ.

ಶಾರದೆಗೆ ರಜೆಯಿದ್ದ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ಚೀಲದಲ್ಲಿ ಕಳೆಗುದ್ದಲಿ, ಅವಳ ಹಿತ್ತಿಲಿನ ಕತ್ತರಿ, ಗ್ಲೌಸು, ಚಿತ್ರಾನ್ನ, ನೀರಿನ ಕ್ಯಾನು. ಬಿಸಿಲು ಸೊಗಸಾಗಿತ್ತು. ಇಳಿಜಾರಿನ ಮೇಲ್ಭಾಗದಿಂದ ಶುರುಮಾಡಿದೆವು. ಶಾರದೆ ಮುಳ್ಳುಬಳ್ಳಿ ಕತ್ತರಿಸಿ ಎಳೆದಳು, ನಾನು ಬೇರಿಗೆ ಗುದ್ದಲಿ ಹಾಕಿದೆ. ಒಂದೊಂದು ಸಸಿಯೂ ಹೊರಗೆ ಬಂದು ಬಿಸಿಲು ಕಂಡಾಗ, ಸ್ನಾನ ಮಾಡಿಸಿದ ಮಗುವಿನ ಹಾಗೆ ಕಾಣುತ್ತಿತ್ತು. ದುಂಡಗೆ ಪಾತಿ ಕಟ್ಟಿ, ನೀರು ಹೊಯ್ದೆ.

"ಅಮ್ಮ ಇದ್ದಿದ್ರೆ ಕುಂಕುಮಾನೂ ಇಟ್ಟಿರೋಳು," ಎಂದಳು ಶಾರದೆ.

"ಗೊಬ್ಬರ?"

"ಅಗೋ ಅಲ್ಲಿ, ಬಿಸಿಬಿಸಿ." ಹಿಂದೆ ದನ ನಿಂತಿತ್ತು.

ಅಕ್ಕತಂಗಿಯರು ಹೀಗೆ ಮಣ್ಣಿನಲ್ಲಿ ಕೂತು ನಗುತ್ತ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತೋ. ಊರಿನ ಸುದ್ದಿ, ಸತ್ತವರ ಸುದ್ದಿ, ಅಪ್ಪ ಬೈಯುತ್ತಿದ್ದ ರೀತಿ ಎಲ್ಲ ಆಯಿತು. ಮಧ್ಯಾಹ್ನದ ಹೊತ್ತಿಗೆ ಶಾರದೆಯ ಚೂಡಿದಾರದ ಕಾಲು ಮುಳ್ಳಿಗೆ ಸಿಕ್ಕಿ ಹರಿಯಿತು, ನನ್ನ ಸೊಂಟ ಹಿಡಿಯಿತು. ಕೆಳಭಾಗದ ಪೊದೆಯನ್ನು ಇನ್ನೊಂದು ದಿನ ನೋಡೋಣವೆಂದು ಬಿಟ್ಟು, ಚಿತ್ರಾನ್ನ ತಿಂದು, ತಿರುಗಿ ತಿರುಗಿ ಸಾಲು ಪಾತಿಗಳನ್ನು ನೋಡಿಕೊಳ್ಳುತ್ತ ಬಂದೆವು. ಜೋನ್‌ಗೆ ಹೇಳಲಿಲ್ಲ. ಕಣ್ಣು ವಾಸಿಯಾದ ಮೇಲೆ ನೋಡಿ ಸಂತೋಷಪಡಲಿ ಎಂದು.

ಕೆಲವು ದಿನದ ಮೇಲೆ ಉಳಿದದ್ದನ್ನು ಮುಗಿಸಲು ಹೋದೆವು. ಪಾತಿಗಳ ನಡುವೆ ದನ ನಿಂತು, ಆರಾಮವಾಗಿ ಬಾಯಾಡಿಸುತ್ತಿತ್ತು. ನಾವು ಬಿಡಿಸಿದ ಸಸಿಗಳಲ್ಲಿ ಒಂದೂ ಉಳಿದಿರಲಿಲ್ಲ. ಕೆಲವು ಗೇಣೆತ್ತರಕ್ಕೆ, ಕೆಲವು ಬುಡಕ್ಕೇ ಕಡಿದು ಹೋಗಿದ್ದವು. ನನ್ನ ದುಂಡನೆಯ ಪಾತಿಗಳಲ್ಲಿ ಗೊರಸಿನ ಗುರುತು, ಗುರುತಿನಲ್ಲಿ ನೀರು.

ಕೆಳಗೆ, ನಾವು ಸೊಂಟನೋವೆಂದು ಬಿಟ್ಟ ಪೊದೆಯ ಹತ್ತಿರ ಹೋಗಿ ಮುಳ್ಳು ಸರಿಸಿ ನೋಡಿದೆ. ಸಸಿಗಳು ಇದ್ದಂತೆಯೇ ಇದ್ದವು. ಪೊದೆಯ ಸುತ್ತ ಹುಲ್ಲನ್ನು ದನ ನುಣ್ಣಗೆ ಮೇದಿದೆ, ಮುಳ್ಳಿನೊಳಕ್ಕೆ ಮಾತ್ರ ಮೂತಿ ಹಾಕಿಲ್ಲ.

ಆಗ ತಿಳಿಯಿತು. ತಿಳಿದದ್ದು ಹೊಸದೂ ಅಲ್ಲ. ನಮ್ಮ ಕಾವಲಿನಲ್ಲಿ ಬೇವಿನ ಗಿಡ ಏಳುವುದೆಲ್ಲಿಂದ? ಕಾರೆ ಮುಳ್ಳಿನ ಮೆಳೆಯ ಹೊಟ್ಟೆಯಿಂದ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. "ಮುಳ್ಳು ಕಳೆ ಅಲ್ಲ ಕಣೇ, ಬೇಲಿ," ಎಂದೆ. ಶಾರದೆ ಹುಲ್ಲಿನ ಮೇಲೆ ಕೂತು ಅಳತೊಡಗಿದಳು. "ಜುಲೈಗೆ ಬಂದು ನೋಡ್ತಾರಲ್ಲಕ್ಕ. ಗೇಟಿಂದ ಬಂದ್ರೆ ಮೊದಲು ಕಾಣೋದೇ ಇದು. ಹದಿನೈದು ವರ್ಷದಿಂದ ಜೋನ್ ಈ ಮಾತು ಹೇಳ್ತಿದ್ದಾರೆ, ಅರ್ಧ ಕೇಳಿ ಹೂಂ ಅಂದ್ಕೊಂಡು ಬಂದೆ ನಾನು."

ರೇನರ್ಸ್ ಲೇನ್

ಕೆಟ್ಟ ಸುದ್ದಿಯನ್ನು ಬರಿಗೈಯಲ್ಲಿ ಹೇಳಬಾರದು ಎಂದು ನನ್ನ ಅಭಿಪ್ರಾಯ. ಹೋಳಿಗೆಗೆ ಕಡಲೆಬೇಳೆ, ಬೆಲ್ಲ ತರಲು ರೇನರ್ಸ್ ಲೇನ್ ಎಂಬಲ್ಲಿನ ನಮ್ಮ ದೇಶದವರ ಅಂಗಡಿಗೆ ಹೋದೆವು. ಗುಜರಾತಿ ಅಂಗಡಿಯಾಕೆ ನಮ್ಮ ಮುಖ ನೋಡಿ, ಯಾರು ತೀರಿಕೊಂಡರು ಎಂದು ಹಿಂದಿಯಲ್ಲಿ ಕೇಳಿದಳು. "ಗಿಡ," ಎಂದೆ. ಆಕೆ ಏಲಕ್ಕಿಯ ಪೊಟ್ಟಣವೊಂದನ್ನು ಚೀಲಕ್ಕೆ ಹಾಕಿ, ಇದು ನನ್ನ ಕಡೆಯಿಂದ ಎಂದಳು. ಅರ್ಥವಾಗದ ದುಃಖಕ್ಕೂ ಏಲಕ್ಕಿ ಕೊಡುವವರಿದ್ದಾರೆ ಲೋಕದಲ್ಲಿ.

ಮನೆಯಲ್ಲಿ ಗುರುರಾಜ ಕತೆಯನ್ನೆಲ್ಲ ಕೇಳಿ ಚಹಾದ ಬಟ್ಟಲು ಕೆಳಗಿಟ್ಟರು. "ಭಾಳ ಛಂದ ಆತು. ದುಂಡಗ ತಾಟು ಹಾಕಿ, ನೀರಿಟ್ಟು, ಆಕಳಿಗೆ ಬಡಿಸಿ ಬಂದೀರಿ. ಉಪ್ಪಿನಕಾಯಿ ಒಂದು ಮರ್ತಿದ್ರೇನು?"

"ನಗಬೇಡಿ ಅಂದ್ರೆ," ಎಂದಳು ಶಾರದೆ.

"ನಗೂದಿಲ್ಲ ಬಿಡು. ಆದ್ರ ಹೋಗಿ ಹೇಳ್ರಿ. ಇವತ್ತ ಹೇಳ್ರಿ. ಬ್ಯಾರೆಯವರಿಂದ ಆಕೀಗೆ ತಿಳೀಬಾರ್ದು."

ಗೋಡೆಯಾಚೆ

ಹೋಳಿಗೆಯ ಡಬ್ಬಿ ಹಿಡಿದು ಹೋದೆವು. ಜೋನ್ ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಅನು ಟೋಸ್ಟ್ ತಿನ್ನುತ್ತಿದ್ದ ಮೇಜು ಅದೇ ಇರಬೇಕು. ಶಾರದೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದಳು. ನಾನು ಕೈಯನ್ನು ಗುದ್ದಲಿ ಮಾಡಿ ತೋರಿಸಿದೆ, ಆಮೇಲೆ ಅದೇ ಕೈಯನ್ನು ದನದ ಬಾಯಿ ಮಾಡಿದೆ. ಹೀಥ್ರೂವಿನಲ್ಲಿ ಆದ ಹಾಗೆ ಇಲ್ಲಿ ಯಾರೂ ನಗಲಿಲ್ಲ.

ಕೆಟಲ್ ಕುದಿದು ತಾನೇ ಆರಿತು.

"ಎಲ್ಲವೂ?" ಎಂದರು ಜೋನ್.

"ಮೇಲಿನ ಭಾಗ. ಕೆಳಗಿನದು ಇದೆ. ನಮಗೆ ಸುಸ್ತಾಯಿತು," ಎಂದಳು ಶಾರದೆ.

"ದೇವರು ನಿಮ್ಮ ಸುಸ್ತನ್ನು ಚೆನ್ನಾಗಿಟ್ಟಿರಲಿ," ಎನ್ನುವ ಅರ್ಥದ್ದೇನನ್ನೋ ಹೇಳಿ, ಎದ್ದು ಚಹಾ ಮಾಡಿದರು. ಹೋಳಿಗೆಯನ್ನು ಚಾಕು ಫೋರ್ಕಿನಲ್ಲಿ ಕತ್ತರಿಸಿ ತಿಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬೀಳ್ಕೊಡುವಾಗ ಬಾಗಿಲಲ್ಲಿ ಶಾರದೆಯ ತೋಳು ಹಿಡಿದುಕೊಂಡು, "ಜುಲೈಗೆ ನೀವಿಬ್ಬರೂ ನನ್ನ ಜೊತೆ ಬರಬೇಕು," ಎಂದಷ್ಟೇ ಹೇಳಿದರು. ದಿನಾ ಗೋಡೆಯಾಚೆಯಿಂದ ಕೇಳುತ್ತಿದ್ದ ಅವರ ರೇಡಿಯೋ ಆ ರಾತ್ರಿ ಹಾಡಲಿಲ್ಲ.

ನೋಡಲು ಬಂದವರು

ಜುಲೈ ಕೊನೆಯ ಆ ಬೆಳಿಗ್ಗೆ ಮೋಡವಿತ್ತು. ಬೂಟು, ಛತ್ರಿ, ಫ್ಲಾಸ್ಕು ಹಿಡಿದ ಸಮಿತಿಯವರು ಬಂದರು. ಮೇಲ್ವಿಚಾರಕ ಟಾಮ್ ಎಂಬ ಎತ್ತರದ ಯುವಕ, ಮಾತು ಕಡಿಮೆ. ಬ್ರಯನ್, ಟಾಫಿ, ಅವರ ಕಡೆಯವರು ಕೆಲವರು. ಈ ಕಡೆ ಜೋನ್, ಪೊರೆ ತೆಗೆದ ಕಣ್ಣು ತಿಳಿಯಾಗಿ. ಅವರ ಪಕ್ಕಕ್ಕೆ ನಾವು, ತಪ್ಪು ಮಾಡಿ ಹೆಡ್‌ಮಾಸ್ತರ ಕೋಣೆಯ ಮುಂದೆ ನಿಂತವರ ಹಾಗೆ.

ಶಾರದೆ ಹೆದರಿದಂತೆಯೇ ಆಯಿತು. ಗೇಟಿನಿಂದ ಇಳಿಯುತ್ತಿದ್ದಂತೆ ಬ್ರಯನ್ ಆ ಪಾತಿಗಳ ಮುಂದೆ ನಿಂತರು. "ಸಾರಿ, ಆದರೆ ಇದಕ್ಕಿಂತ ಸಾಕ್ಷಿ ಬೇಕೇ? ಒಂದಾದರೂ ಉಳಿದಿದೆಯೇ ನೋಡಿ." ಸಮಿತಿಯ ಹೆಂಗಸೊಬ್ಬರು ಬಗ್ಗಿ, ಕಡಿದ ಬುಡ ಮುಟ್ಟಿ, ತುಟಿ ಬಿಗಿದು ಏನನ್ನೋ ಬರೆದುಕೊಂಡರು. ಜೋನ್ ನಮ್ಮ ಕಡೆ ತಿರುಗಲಿಲ್ಲ. ಇವರೇ ಹೀಗೆ ಮಾಡಿದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮನೆಗೆ ಬಂದ ನೆಂಟರನ್ನು ನಾಲ್ಕು ಜನರ ಮುಂದೆ ತೋರಿಸಿಕೊಡುವುದು ಅವರಿಗೂ ಆಗದು, ನಮ್ಮವರ ಹಾಗೆಯೇ. ಹಸಿರು ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ನಿಂತಿದ್ದರು. ಅಷ್ಟು ವರ್ಷ ಹೇಳಿಕೊಂಡು ಬಂದ ಮಾತು ನನ್ನ ಪಾತಿಯಲ್ಲಿ ಮುಳುಗುತ್ತಿತ್ತು.

ಶಾರದೆ ನನ್ನ ಬೆನ್ನ ಹಿಂದೆ ಸರಿದಳು. ನಾನು ಮುಂದೆ ಹೋದೆ. ಟಾಮ್ ಅವರ ಮುಂದೆ ನಿಂತು, ನನ್ನ ಹತ್ತಿರವಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಹೇಳಿದೆ: "ಸರ್, ಕೌ ನಾಟ್ ಥೀಫ್. ಐ ಓಪನ್ ದಿ ಡೋರ್."

ಎಲ್ಲರೂ ನನ್ನ ಕಡೆ ತಿರುಗಿದರು. ಬೇರೆ ದಾರಿ ಕಾಣಲಿಲ್ಲ. ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಮುಳ್ಳು ಎಳೆದದ್ದು, ಬೇರು ತೆಗೆದದ್ದು, ಪಾತಿ ಕಟ್ಟಿ ನೀರು ಹೊಯ್ದದ್ದು ಎಲ್ಲವನ್ನೂ ಮಾಡಿ ತೋರಿಸಿದೆ. ಶಾರದೆಗೆ ಆಗ ದನಿ ಬಂತು. ನಮ್ಮ ಊರಿನಲ್ಲಿ ಗಿಡವನ್ನು ಪ್ರೀತಿಸುವುದು ಹೀಗೆ, ಇಲ್ಲಿ ಅದು ಹೀಗಾಯಿತು ಎಂದು ಬಿಡಿಸಿ ಹೇಳಿದಳು.

ಬ್ರಯನ್ ಟೋಪಿ ತೆಗೆದರು. "ಆದರೆ ಮೇಡಂ, ಬಾಗಿಲು ತೆರೆದಿದ್ದರೂ ಕಳ್ಳತನ ಕಳ್ಳತನವೇ ಅಲ್ಲವೇ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಟಾಮ್ ನಗಲಿಲ್ಲ. "ಬಾಗಿಲು ಮುಚ್ಚಿರುವ ಮನೆ ಯಾವುದು?" ಎಂದು ಕೇಳಿದರು. ನಾನು ಕೆಳಗಿನ ಪೊದೆಗೆ ಕೈ ತೋರಿಸಿದೆ.

ಅವರು ಹೋಗಿ ಮುಳ್ಳಿನ ಮುಂದೆ ಮಂಡಿಯೂರಿ ಬಳ್ಳಿ ಸರಿಸಿದರು. ಒಂದು ಸಸಿ. ಆಚೆಗೆ ಇನ್ನೊಂದು. ಪೊದೆಯ ನಡುವಿನ ಒಂದು ಸಸಿಯಂತೂ ಮುಳ್ಳಿಗಿಂತ ಮೇಲೆ ತಲೆಯೆತ್ತಿ ಆಗಲೇ ಬೆಳಕು ಹಿಡಿದಿತ್ತು. ಸುತ್ತಲೂ ದನ ಮೇದ ಹುಲ್ಲು, ತಾಜಾ ಸಗಣಿ. ಸಮಿತಿಯ ಹೆಂಗಸು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎರಡು ಸಲ ನಡೆದು ನೋಡಿದರು.

ಜೋನ್ ಆಗ ಬಾಯಿ ತೆರೆದರು. "ಇಷ್ಟು ವರ್ಷ ಇದನ್ನು ಬಾಯಲ್ಲಿ ಹೇಳಿದೆ, ಯಾರೂ ನಂಬಲಿಲ್ಲ. ಮುಳ್ಳು ತೆಗೆದು ತೋರಿಸು ಎನ್ನುತ್ತಿದ್ದರು ತೀರಿಕೊಂಡ ನನ್ನ ಯಜಮಾನರು. ಸಸಿ ಬಲಿ ಕೊಡಲು ನನಗೆ ಮನಸ್ಸು ಬರಲಿಲ್ಲ. ಈ ಇಬ್ಬರು ಮಾಡಿಕೊಟ್ಟರು." ಅದು ನಿಜವೋ, ನಮ್ಮ ಮುಖ ಉಳಿಸಲು ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡಕ್ಕೂ ನಾನು ಋಣಿ.

ತೀರ್ಮಾನ ಅಲ್ಲಿ ಹೇಳಲಿಲ್ಲ. ಚಹಾ ಕುಡಿದು ಹೋದರು. ಆಗಸ್ಟಿನಲ್ಲಿ ಟಾಮ್ ಜೋನ್‌ಗೆ ಫೋನ್ ಮಾಡಿದರು: ಮುಂದಿನ ವರ್ಷವೂ ದನ ಬರುತ್ತವೆ, ಸಂಖ್ಯೆ ಹೆಚ್ಚಿಸುವುದಿಲ್ಲ, ನಾಯಿಯವರಿಗೆ ಅಂಚಿನಲ್ಲಿ ಬೇಲಿ ಹಾಕಿದ ದಾರಿ ಮಾಡುತ್ತಾರೆ. ಗೋಡೆಯ ಮೇಲೆ ಟಕಟಕ ಬಡಿದು ಜೋನ್ ನಮ್ಮನ್ನು ಕರೆದರು. ಅದಕ್ಕೆ ಗುರುರಾಜ ಅಡುಗೆಮನೆಯಿಂದ, "ಕುಕ್ಕರ್ ಕೂಗಿಸಿ ಉತ್ತರ ಕೊಡ್ರಿ ಅಕ್ಕಾರ," ಎಂದರು.

ಕೊನೆಯ ಸಲ

ನಾನು ಊರಿಗೆ ಹೊರಡುವ ಎರಡು ದಿನ ಮುಂಚೆ ಜೋನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾರು ತೆಗೆದರು. ಪೊರೆ ಹೋದ ಮೇಲೆ ಅವರು ಓಡಿಸುವ ವೇಗಕ್ಕೆ ನಾನು ಸೀಟು ಗಟ್ಟಿಯಾಗಿ ಹಿಡಿದೆ. ಪಾತಿಗಳ ಹತ್ತಿರ ಹೋಗಲು ನನಗೆ ಮನಸ್ಸಿರಲಿಲ್ಲ. ಅವರೇ ಕೈಹಿಡಿದು ಕರೆದೊಯ್ದು, ಒಂದು ಕಡಿದ ಬುಡವನ್ನು ತೋರಿಸಿದರು.

ದನ ಕಚ್ಚಿದ ಗಾಯದ ಕೆಳಗಿಂದ ಚಿಗುರು ಬಂದಿತ್ತು. ಹಸಿರಲ್ಲ, ಮಾವಿನ ಎಳೆಚಿಗುರಿನಂಥ ಕೆಂಪು. ಬೇಸಿಗೆಯ ಕೊನೆಗೆ ಓಕ್ ಇನ್ನೊಮ್ಮೆ ಹೀಗೆ ಚಿಗುರುತ್ತದಂತೆ. ಬೇರು ಇದ್ದರೆ ಮತ್ತೆ ಏಳುತ್ತದೆ, ಮತ್ತೆ ಕಚ್ಚಿಸಿಕೊಳ್ಳುತ್ತದೆ, ಅಷ್ಟರೊಳಗೆ ಮುಳ್ಳು ಬಂದು ಸುತ್ತಿಕೊಂಡರೆ ಗೆದ್ದಂತೆ. ಎಲ್ಲವೂ ಚಿಗುರಿರಲಿಲ್ಲ. ಪಕ್ಕದ ಪಾತಿಗಳಲ್ಲಿ ಹಲವು ಸುಮ್ಮನೇ ಒಣಗಿದ್ದವು. ಅವುಗಳ ಮುಂದೆ ಜೋನ್ ನಿಲ್ಲಲಿಲ್ಲ, ನನ್ನನ್ನೂ ನಿಲ್ಲಲು ಬಿಡಲಿಲ್ಲ.

ದಾರಿ ಬದಿಗೆ ಟಾಮ್ ಕತ್ತರಿಸಿ ಹಾಕಿದ್ದ ಮುಳ್ಳುಕೊಂಬೆಗಳಿದ್ದವು. ಅವರನ್ನು ಕೇಳಿಯೇ ಬಂದಿದ್ದೇನೆ ಎಂದರು ಜೋನ್. ಊರಿನಲ್ಲಿ ಆಡು ಬಾಯಿ ಹಾಕದಿರಲೆಂದು ಸಸಿಗೆ ಜಾಲಿ ಮುಳ್ಳು ಕವಿಯುತ್ತೇವಲ್ಲ, ಹಾಗೆಯೇ ಮೂವರೂ ಕೊಂಬೆ ಹೊತ್ತು ತಂದು ಚಿಗುರಿದ ಬುಡಗಳ ಸುತ್ತ ಕವಿದೆವು. ಮೂವರ ಕೈಯಲ್ಲೂ ಗೀರು. ಕಸ್ಟಮ್ಸಿನ ಮೀಸೆಯವರ ಮುಂಗೈ ನೆನಪಾಯಿತು.

ಕಳೆಗುದ್ದಲಿಯನ್ನು ಜೋನ್‌ಗೆ ಕೊಟ್ಟೆ. ತಮ್ಮ ಹಿಂಬಾಗಿಲ ಮೊಳೆಗೆ ಅದನ್ನು ನೇತುಹಾಕಿ, "ಇದು ಇಲ್ಲಿರುವುದೇ ಕ್ಷೇಮ. ನಿಮ್ಮೂರಿನ ಗಿಡಗಳಿಗೂ," ಎಂದರು. ಹೋಳಿಗೆಯ ಡಬ್ಬಿಯನ್ನು ಹಿಂದಿರುಗಿಸಿದರು. ತೆರೆದು ನೋಡಿದರೆ ಕೇಕ್. ಬಾಕಿ ಹಾಗೆಯೇ ಉಳಿಯಿತು.

ಊರಿಗೆ ಬಂದ ವಾರದಲ್ಲಿ ನಮ್ಮ ಮನೆಯವರ ಜೊತೆ ಅಜ್ಜಂಪುರಕ್ಕೆ ಹೋಗುವಾಗ, ಕಾವಲಿನ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿದೆ. ಒಂದು ಕಾರೆ ಮೆಳೆಯ ಮುಂದೆ ಕೂತು ಮುಳ್ಳು ಸರಿಸಿದೆ. ಒಳಗೆ ಒಂದು ಬೇವಿನ ಸಸಿ, ಬುಡದ ತುಂಬ ಕಸ, ಕಡ್ಡಿ, ಹುಲ್ಲು. ಕೈ ತಾನಾಗಿ ಮುಂದೆ ಹೋಯಿತು.

"ಏನೇ ಅದು?" ಎಂದರು ಇವರು.

"ಏನಿಲ್ಲ ಬನ್ನಿ," ಎಂದು ಮುಳ್ಳನ್ನು ಇದ್ದ ಹಾಗೇ ಮುಚ್ಚಿ ಎದ್ದೆ.